ಯಂತ್ರ ಬರಲಿ, ಆದರೆ ಮೊದಲು ನಮ್ಮ ಕಾಲು ಮುಟ್ಟಿ ನೋಡ್ರಿ



ಪೋಸ್ಟ್ ಉದ್ದ ಇದೆ. ಮನೆಯಲ್ಲಿ ಶುಗರ್ ಇದ್ದವರು ಒಬ್ಬರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ವಿಷಯ ಇದು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾದವರಿಗೆ ‘ಹೈಪರ್‌ಬಾರಿಕ್ ಆಕ್ಸಿಜನ್’ ಅನ್ನೋ ಚಿಕಿತ್ಸೆ ಕೊಡುವ ಯಂತ್ರ ಇದೆ. ಅದನ್ನು ಕಲಬುರಗಿಯ ಸರ್ಕಾರಿ ಆಸ್ಪತ್ರೆಗೆ ತರಿಸಬೇಕು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಅದಕ್ಕೆ ಕೊಡಬೇಕು ಅಂತ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ನಮ್ಮ ಕೆಲವು ಸಂಗಾತಿಗಳು ಮನವಿ ಪತ್ರ ತಯಾರು ಮಾಡ್ತಿದ್ದಾರೆ. ಕರಡು ಬರೆಯೋ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂದಿದೆ. ಹಗಲು ಆಫೀಸಿನಲ್ಲಿ ಟಿಪ್ಪಣಿ ಬರೆಯೋ ಗುಮಾಸ್ತ, ರಾತ್ರಿ ಸಂಘಟನೆಗೆ ಮನವಿ ಪತ್ರ ಬರೆಯೋ ಗುಮಾಸ್ತ. ಎರಡೂ ಕಡೆ ಸಂಬಳ ಒಂದೇ!

ಯಂತ್ರ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಅದು ನಮ್ಮ ಮೊದಲ ಬೇಡಿಕೆ ಆಗಬಾರದು. ಕೊನೆಯ ಬೇಡಿಕೆ ಆಗಲಿ. ಯಾಕೆ ಅಂತ ವಿವರವಾಗಿ ಬರೀತೇನೆ. ಒಪ್ಪದವರು ಜಗಳಕ್ಕೆ ಬನ್ನಿ, ಓದಿ ಬನ್ನಿ.

*ಆ ಯಂತ್ರ ಏನು ಮಾಡ್ತದೆ?*

ನಾವು ಉಸಿರಾಡೋ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು ಮಾತ್ರ. ಈ ಚಿಕಿತ್ಸೆಯಲ್ಲಿ ರೋಗಿಯನ್ನು ಒಂದು ಗಟ್ಟಿ ಕೋಣೆಯೊಳಗೆ ಮಲಗಿಸಿ ಅಥವಾ ಕೂರಿಸಿ, ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಎರಡು, ಎರಡೂವರೆ ಪಟ್ಟಿಗೆ ಏರಿಸಿ, ಶೇ. 100 ಆಮ್ಲಜನಕ ಕೊಡ್ತಾರೆ. ಒಂದು ಸಿಟ್ಟಿಂಗ್ ಸುಮಾರು ಒಂದೂವರೆ ತಾಸು. ವಾರಕ್ಕೆ ಐದು ದಿನ, ಒಟ್ಟು 30ರಿಂದ 40 ಸಿಟ್ಟಿಂಗ್. ಅಂದರೆ ಆರರಿಂದ ಎಂಟು ವಾರ.

ಸಮುದ್ರದ ಆಳಕ್ಕೆ ಮುಳುಗಿ ಮೇಲೆ ಬರುವಾಗ ತೊಂದರೆಗೆ ಸಿಕ್ಕ ಮುಳುಗುಗಾರರಿಗೆ ಇದೇ ಥರದ ಕೋಣೆಯಲ್ಲಿ ಚಿಕಿತ್ಸೆ ಕೊಡ್ತಾರೆ. ಸೈನ್ಯದ ಕಡೆಯಲ್ಲೂ ಇದರ ಬಳಕೆ ಇದೆ. ಒತ್ತಡ ಹೆಚ್ಚಾದಾಗ ಆಮ್ಲಜನಕ ರಕ್ತದ ನೀರಿನಂಶದಲ್ಲೂ ಕರಗ್ತದೆ, ಹುಣ್ಣಿನ ಜಾಗಕ್ಕೆ ಹೆಚ್ಚು ತಲುಪ್ತದೆ, ಹೊಸ ಸಣ್ಣ ರಕ್ತನಾಳಗಳು ಬೆಳೆಯೋಕೆ, ಕ್ರಿಮಿ ಸಾಯೋಕೆ ಸಹಾಯ ಆಗ್ತದೆ ಅನ್ನೋದು ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಹೊಲದ ಕಾಲುವೆಯಲ್ಲಿ ಹೂಳು ತುಂಬಿ ಮುಚ್ಚಿದ್ದರೆ, ಮೇಲೆ ಡ್ಯಾಮಿನಲ್ಲಿ ಎಷ್ಟು ನೀರು ಬಿಟ್ಟರೇನು? ಕಾಲಿಗೆ ಹೋಗೋ ದೊಡ್ಡ ರಕ್ತನಾಳವೇ ಮುಚ್ಚಿದ್ದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದ್ದರೂ ಬೆರಳಿನ ತುದಿಗೆ ತಲುಪೋದು ಹೇಗೆ?

*ಸಂಶೋಧನೆ ಏನು ಹೇಳ್ತದೆ?*

ವಾಟ್ಸಾಪಿನಲ್ಲಿ ಓಡಾಡ್ತಿರೋ ಕರಪತ್ರಗಳಲ್ಲಿ ‘ಕಾಲು ತೆಗೆಯೋದು ಬೇಡ, ಆಕ್ಸಿಜನ್ ಸಾಕು’ ಅಂತ ಇರ್ತದೆ. ಬದಿಗೆ ಎರಡು ಫೋಟೋ: ಮೊದಲು ಕಪ್ಪು ಬೆರಳು, ಆಮೇಲೆ ಕೆಂಪು ಬೆರಳು. ಸಾಲ ಮಾಡೋಕೆ ಒಂದು ಕುಟುಂಬಕ್ಕೆ ಇಷ್ಟು ಸಾಕು.

2010ರಲ್ಲಿ ಸ್ವೀಡನ್ನಿನಲ್ಲಿ 94 ಮಂದಿಯ ಮೇಲೆ ಒಂದು ಪರೀಕ್ಷೆ ನಡೀತು. ಕೆಲವರಿಗೆ ನಿಜವಾದ ಆಮ್ಲಜನಕ, ಕೆಲವರಿಗೆ ಅದೇ ಕೋಣೆಯಲ್ಲಿ ಬರೀ ಗಾಳಿ. ಒಂದು ವರ್ಷದೊಳಗೆ ಆಮ್ಲಜನಕದವರಲ್ಲಿ ಶೇ. 52 ಮಂದಿಯ ಹುಣ್ಣು ಮಾಯ್ತು, ಬರೀ ಗಾಳಿಯವರಲ್ಲಿ ಶೇ. 29. ಒಳ್ಳೆಯ ಫಲಿತಾಂಶವೇ. ಈ ಚಿಕಿತ್ಸೆಯ ಪರವಾಗಿ ಮಾತಾಡೋರು ಮೊದಲು ತೋರಿಸೋದು ಇದನ್ನೇ.

ಆದರೆ 2016ರಲ್ಲಿ ಕೆನಡಾದಲ್ಲಿ 103 ಮಂದಿಯ ಮೇಲೆ ಅದೇ ರೀತಿ ಪರೀಕ್ಷೆ ಮಾಡಿದಾಗ ಎರಡೂ ಗುಂಪಿನಲ್ಲಿ ಫರಕು ಕಾಣಲಿಲ್ಲ. ಹುಣ್ಣು ಮಾಯ್ದವರು ಒಂದು ಕಡೆ ಶೇ. 20, ಇನ್ನೊಂದು ಕಡೆ ಶೇ. 22. 2018ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 120 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲೂ ಕಾಲು ಉಳಿಸುವ ವಿಷಯದಲ್ಲಿ ಖಚಿತ ಲಾಭ ಸಾಬೀತಾಗಲಿಲ್ಲ. ಅಲ್ಲಿ ಇನ್ನೊಂದು ಸಂಗತಿ ಗಮನಿಸಿ. ಆಮ್ಲಜನಕದ ಗುಂಪಿಗೆ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕೋರ್ಸ್ ಅಂದುಕೊಂಡಂತೆ ಮುಗಿಸೋಕೇ ಆಗಲಿಲ್ಲ. ರಸ್ತೆ, ರೈಲು, ವಿಮೆ ಎಲ್ಲಾ ಇರೋ ದೇಶದ ಕಥೆ ಇದು. ಚಿಂಚೋಳಿಯ ತಾಂಡಾದಿಂದ ದಿನಾ ಕಲಬುರಗಿಗೆ ಹೋಗಿ ಬರೋ ಮುದುಕಿಯ ಕಥೆ ನೀವೇ ಊಹಿಸಿ.

ಮಧುಮೇಹದ ಕಾಲಿನ ಬಗ್ಗೆ ಜಗತ್ತಿನ ತಜ್ಞರು ಸೇರಿ ಮಾಡಿದ ಅಂತಾರಾಷ್ಟ್ರೀಯ ಕಾರ್ಯತಂಡವೊಂದಿದೆ. ಅದರ 2023ರ ಮಾರ್ಗಸೂಚಿಯ ಸಾರ ಇಷ್ಟು: ರಕ್ತ ಸಂಚಾರ ಕಮ್ಮಿ ಇರೋ ಹುಣ್ಣು ಸಾಮಾನ್ಯ ಆರೈಕೆಗೆ ಮಾಯದೆ ಹೋದರೆ, ಮತ್ತು ಈ ವ್ಯವಸ್ಥೆ ಅಲ್ಲಿ ಮೊದಲೇ ಇದ್ದರೆ, ಆರೈಕೆಯ ಜೊತೆಗೆ ಹೆಚ್ಚುವರಿಯಾಗಿ ಇದನ್ನು ಯೋಚಿಸಬಹುದು. ‘ಸಾಮಾನ್ಯ ಆರೈಕೆಗೆ ಮಾಯದೆ ಹೋದರೆ’ ಅನ್ನೋ ಮಾತು ಇನ್ನೊಮ್ಮೆ ಓದಿ. ನಮ್ಮ ಮಂದಿಗೆ ಆ ಸಾಮಾನ್ಯ ಆರೈಕೆ ಸಿಕ್ಕಿದ್ದು ಯಾವಾಗ?

*ಕಾಲು ಹೋಗೋದು ಹೇಗೆ?*

ಐಸಿಎಂಆರ್ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು 10 ಕೋಟಿಗೂ ಹೆಚ್ಚು. ಅವರಲ್ಲಿ ಐದಕ್ಕೆ ಒಬ್ಬರಿಂದ ಮೂರಕ್ಕೆ ಒಬ್ಬರವರೆಗೆ ಜೀವಮಾನದಲ್ಲಿ ಒಮ್ಮೆ ಕಾಲಿನ ಹುಣ್ಣು ಆಗಬಹುದು ಅಂತ ತಜ್ಞರ ಅಂದಾಜು. ಸಕ್ಕರೆಯಿಂದ ಕಾಲು ಕಳಕೊಂಡವರಲ್ಲಿ ಹತ್ತಕ್ಕೆ ಎಂಟು ಮಂದಿಗೆ ಅದು ಶುರುವಾಗಿದ್ದು ಒಂದು ಸಣ್ಣ ಹುಣ್ಣಿನಿಂದ.

ಮೂರು ಸಂಗತಿ ಸೇರ್ತವೆ. ಒಂದು, ನರ ಸತ್ತು ಕಾಲಿಗೆ ಸ್ಪರ್ಶ ಗೊತ್ತಾಗೋದಿಲ್ಲ. ಎರಡು, ರಕ್ತನಾಳ ಮುಚ್ಚಿಕೊಳ್ತಾ ಹೋಗ್ತದೆ. ಮೂರು, ಹುಣ್ಣಿಗೆ ಕ್ರಿಮಿ ಸೇರ್ತದೆ. ನೋವೇ ಇಲ್ಲದ್ದರಿಂದ ಮನುಷ್ಯ ಅದೇ ಹುಣ್ಣಿನ ಮೇಲೆ ನಡೀತಾ ಇರ್ತಾನೆ, ಕೆಲಸಕ್ಕೂ ಹೋಗ್ತಾ ಇರ್ತಾನೆ. ‘ಏನೂ ನೋವಿಲ್ಲ’ ಅನ್ನೋದು ಇಲ್ಲಿ ಸಮಾಧಾನದ ಮಾತಲ್ಲ, ಅಪಾಯದ ಮಾತು.

ಈಗ ನಮ್ಮ ನೆಲ ನೋಡಿ. ನಾನು ಮುಧೋಳದವನು. ನಾಯಿಗೆ ಹೆಸರಾದ ಬಾಗಲಕೋಟೆ ಕಡೆಯ ಮುಧೋಳ ಅಲ್ಲ, ಸೇಡಂ ತಾಲೂಕಿನ ಮುಧೋಳ. ನಮ್ಮ ಸೀಮೆಯ ನೆಲದೊಳಗೆಲ್ಲಾ ಸುಣ್ಣದ ಕಲ್ಲು. ಅದಕ್ಕೇ ಸೇಡಂ, ಮಳಖೇಡ, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ. ಅದಕ್ಕೇ ‘ಶಹಾಬಾದ್ ಕಲ್ಲು’ ಅಂತ ದೇಶಕ್ಕೆಲ್ಲಾ ಹೆಸರು. ನಿಮ್ಮ ಮನೆ ನೆಲಕ್ಕೆ ಹಾಸಿದ ಫರಸಿಯನ್ನು ಖಣಿಯಿಂದ ಎಬ್ಬಿಸಿದವರು, ಹೊತ್ತವರು, ಲಾರಿಗೆ ಏರಿಸಿದವರು ಬಹಳ ಮಂದಿ ನಮ್ಮವರೇ. ಬ್ಯಾಸಿಗ್ಯಾಗ 42, 43 ಡಿಗ್ರಿ ಬಿಸಿಲಲ್ಲಿ ಆ ಕಲ್ಲು ಹಂಚಿನ ಹಾಂಗ ಕಾಯ್ತದೆ. ಸ್ಪರ್ಶ ಇದ್ದವನು ಕಾಲು ತಕ್ಷಣ ಎತ್ತತಾನೆ. ನರ ಸತ್ತವನಿಗೆ ಗೊತ್ತೇ ಆಗೋದಿಲ್ಲ. ರಾತ್ರಿ ಮನೆಗೆ ಬಂದು ಕಾಲು ತೊಳೆಯುವಾಗ ಬೊಬ್ಬೆ ಕಾಣ್ತದೆ. ತೊಗರಿ ಹೊಲದಲ್ಲೂ ಹಾಂಗೇ. ಕೊಯ್ದ ಮೇಲೆ ಉಳಿದ ಕೂಳೆ ಚಪ್ಪಲಿ ತೂರಿ ಒಳಗೆ ಹೋಗ್ತದೆ.

ಶುಗರ್ ಅಂದರೆ ಕೂತು ತಿನ್ನೋ ಸಾಹುಕಾರರ ರೋಗ ಅನ್ನೋ ಮಾತು ನಮ್ಮ ಹಿರಿಯರು ಇನ್ನೂ ಹೇಳ್ತಾರೆ. ಬಾಬಾಸಾಹೇಬರಿಗೇ ಸಕ್ಕರೆ ಕಾಯಿಲೆ ಇತ್ತು. ಕಾಲಿನ ನರಗಳ ನೋವಿಗೆ ಅವರಿಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ. ಆ ನೋವಿನ ಕಾಲದಲ್ಲೇ ಸಂವಿಧಾನದ ಕರಡು ಕೂಡ ನಡೆದಿತ್ತು. 1948ರ ಏಪ್ರಿಲ್ 15ರಂದು ಅವರನ್ನು ಮದುವೆಯಾದ ಮಾಯಿಸಾಹೇಬ್ ಸವಿತಾ ಅವರು ಸ್ವತಃ ಡಾಕ್ಟರ್. ಅವರ ಪಥ್ಯ, ಔಷಧ ಎಲ್ಲವನ್ನೂ ನೋಡಿಕೊಂಡವರು. ನಮ್ಮ ಮನೆಗಳಲ್ಲಿ ಬಾಬಾಸಾಹೇಬರ ಫೋಟೋ ಇದೆ. ಆ ಫೋಟೋದ ಕೆಳಗೆ ಕೂತ ಅಪ್ಪನ ಕಾಲು ನೋಡೋರು ಯಾರು?

*ನಮ್ಮ ಕಾಕಾನ ಕಾಲು*

ನಮ್ಮ ಕಾಕಾ ಇಪ್ಪತ್ತಾರು ವರ್ಷ ಕಲ್ಲಿನ ಖಣಿಯಲ್ಲಿ ದುಡಿದವರು. ಚಪ್ಪಲಿ ತೂರಿ ಮೊಳೆ ಹೋಗಿತ್ತು. ಎರಡು ದಿನ ಅವರಿಗೆ ಗೊತ್ತಾಗಲಿಲ್ಲ. ನೆಲದ ಮೇಲೆ ರಕ್ತದ ಗುರುತು ನೋಡಿ ನಮ್ಮ ಕಾಕಿ ಕೇಳಿದಾಗಲೇ ತಿಳಿದಿದ್ದು. ಮೊದಲು ಊರಿನ ಆರ್‌ಎಂಪಿ ಸೂಜಿ ಹಾಕಿದ. ಆಮೇಲೆ ಒಂದು ಆಸ್ಪತ್ರೆಗೆ ಹೋದರು. ಹೆಸರು ಹೇಳೋದಿಲ್ಲ, ನನ್ನ ಜಗಳ ಒಂದು ಆಸ್ಪತ್ರೆಯ ಜೊತೆ ಅಲ್ಲ. ಅಲ್ಲಿ ಮೂರು ಸಲ ತೋರಿಸಿದರೂ ಪಟ್ಟಿ ಬಿಚ್ಚಿ ನೋಡಲಿಲ್ಲ. ಮೇಜಿನ ಆಚೆಯಿಂದ ಕೇಳಿದರು, ಗುಳಿಗೆ ಬರೆದರು. ‘ಕಾಲು ತೊಳಕೊಂಡು ಬರೋಕೆ ಆಗೋದಿಲ್ವಾ’ ಅಂತ ನರ್ಸ್ ಬೈದಳು.

ಎರಡು ಬೆರಳು ಹೋದವು. ಅಷ್ಟರಲ್ಲಿ ಯಾರೋ ಆಕ್ಸಿಜನ್ ಕೋಣೆಯ ಕರಪತ್ರ ತಂದು ಕೊಟ್ಟರು. ಒಂದು ಎಮ್ಮೆ ಮಾರಿ, ಸ್ವಸಹಾಯ ಸಂಘದಲ್ಲಿ ಕಾಕಿ ಸಾಲ ಎತ್ತಿ, ದೂರದ ಊರಿನಲ್ಲಿ ಖೋಲಿ ಹಿಡಿದು ಇದ್ದರು. ಹನ್ನೊಂದನೇ ಸಿಟ್ಟಿಂಗಿಗೆ ರೊಕ್ಕ ಮುಗೀತು. ಬೇರೆ ಒಬ್ಬ ಡಾಕ್ಟರ್ ಕಾಲ ಮೇಲೆ ಡಾಪ್ಲರ್ ಇಟ್ಟು ನೋಡಿದಾಗ ಮೊಣಕಾಲ ಕೆಳಗಿನ ರಕ್ತನಾಳ ಮುಚ್ಚಿ ಬಹಳ ದಿನ ಆಗಿದೆ ಅಂದರು. ಅವರು ಮೊದಲು ಮಾಡಿದ್ದು ಏನು ಗೊತ್ತಾ? ಪಟ್ಟಿ ಬಿಚ್ಚಿ, ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ್ದು. ಅಷ್ಟಕ್ಕೇ ಕಾಕಾ ಅತ್ತರು. ‘ಇಷ್ಟ ದಿನದಾಗ ನನ್ನ ಕಾಲ ಮುಟ್ಟಿದ್ದು ಇವರೊಬ್ಬರೇ ನೋಡ ತಮ್ಮಾ’ ಅಂದರು. ಆ ಹೊತ್ತಿಗೆ ತಡ ಆಗಿತ್ತು. ಮೊಣಕಾಲ ಕೆಳಗೆ ತೆಗೆದರು.

ಆ ಕೋಣೆ ಸುಳ್ಳು ಅಂತ ನಾನು ಹೇಳೋದಿಲ್ಲ. ನಾಡಿ ನೋಡದೆ ಆ ಕೋಣೆಗೆ ಕಳಿಸಿದ್ದು ಅನ್ಯಾಯ ಅಂತೇನೆ.

*ಮುಟ್ಟೋದು ಅಂದರೆ*

ಬಂಧುಗಳೇ, ಕಾಲಿನ ಸ್ಪರ್ಶ ಹೋಗಿದೆಯಾ ಅಂತ ತಿಳಿಯೋಕೆ ದೊಡ್ಡ ಯಂತ್ರ ಬೇಕಿಲ್ಲ. ಮಾನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇರ್ತದೆ. 10 ಗ್ರಾಂ ಒತ್ತಡಕ್ಕೆ ಅದು ಬಾಗ್ತದೆ. ಅಂಗಾಲಿಗೆ ತಾಗಿಸಿ ‘ಗೊತ್ತಾಯ್ತಾ’ ಅಂತ ಕೇಳೋದು, ಅಷ್ಟೇ.

ಅದೂ ಇಲ್ಲವಾ? ಇಂಗ್ಲೆಂಡಿನ ಇಪ್ಸ್‌ವಿಚ್ ಅನ್ನೋ ಊರಿನ ಆಸ್ಪತ್ರೆಯ ಡಾಕ್ಟರುಗಳು 2011ರಲ್ಲಿ ಇನ್ನೂ ಸರಳ ಪರೀಕ್ಷೆ ತೋರಿಸಿದರು. ರೋಗಿ ಕಣ್ಣು ಮುಚ್ಚಬೇಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರಾಗಿ ನಮ್ಮ ಬೆರಳಿನಿಂದ ಮುಟ್ಟಬೇಕು. ಒತ್ತಬಾರದು, ಉಜ್ಜಬಾರದು. ಒಟ್ಟು ಆರು ಜಾಗ. ಎರಡು ಅಥವಾ ಹೆಚ್ಚು ಜಾಗದಲ್ಲಿ ಗೊತ್ತಾಗಲಿಲ್ಲ ಅಂದರೆ ಆ ಕಾಲು ಅಪಾಯದಲ್ಲಿದೆ ಅಂತ ಲೆಕ್ಕ. ಖರ್ಚು ಸೊನ್ನೆ. ಬೇಕಾದ ಉಪಕರಣ ಒಂದೇ: ಮುಟ್ಟೋಕೆ ಹಿಂಜರಿಯದ ಬೆರಳು.

ಈ ದೇಶದಲ್ಲಿ ನಮಗೆ ಸಿಗದೇ ಇದ್ದದ್ದು ಅದೇ ಅಲ್ವಾ?

ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಟ್ ಮತ್ತಿತರರು 11 ರಾಜ್ಯಗಳ 565 ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿ ಅಸ್ಪೃಶ್ಯತೆ ಬಗ್ಗೆ 2006ರಲ್ಲಿ ಪುಸ್ತಕ ತಂದರು. ಮೂರರಲ್ಲಿ ಒಂದು ಪಾಲು ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಕಾಲಿಡೋಕೆ ಒಪ್ಪೋದಿಲ್ಲ ಅಂತ ಅದರಲ್ಲಿ ದಾಖಲಾಗಿದೆ. ಅಷ್ಟು ವರ್ಷದ ಹಿಂದಿನ ಮಾತು, ಈಗ ಬದಲಾಗಿದೆ ಅನ್ನೋರು ಇರಬಹುದು. ನಮ್ಮ ಊರುಗಳಲ್ಲಿ ಕೇರಿಯಿಂದಲೇ ಬಂದ ಆಶಾ ಅಕ್ಕಂದಿರು ಇದ್ದಾರೆ, ಮನೆಮನೆಗೆ ಹೋಗ್ತಾರೆ, ಅವರಿಗೆ ನಮಸ್ಕಾರ. ಆದರೆ ಒಪಿಡಿಯಲ್ಲಿ ಮೇಜಿನ ಆಚೆ ಕೂತವರು ಬಗ್ಗಿ, ಧೂಳು ಹಿಡಿದ, ಒಡೆದ, ವಾಸನೆ ಬರೋ ಪಾದವನ್ನು ಕೈಯಲ್ಲಿ ಹಿಡಿದು ನೋಡೋದು ಎಷ್ಟು ಸಲ ಕಂಡಿದ್ದೀರಿ?

ಇದು ಬರೀ ಟೈಮಿನ ಪ್ರಶ್ನೆ ಅಂತ ಡಾಕ್ಟರ್ ಗೆಳೆಯರು ಹೇಳ್ತಾರೆ. ದಿನಕ್ಕೆ ನೂರು ಪೇಷಂಟ್, ಒಬ್ಬರಿಗೆ ಎರಡು ನಿಮಿಷ. ನಿಜ, ಆ ಕಷ್ಟ ಇದೆ, ಹುದ್ದೆ ಖಾಲಿ ಬಿಟ್ಟ ಸರ್ಕಾರದ ತಪ್ಪೂ ಇದೆ. ಆದರೆ ಪಾದ ಅನ್ನೋದನ್ನೇ ಕೀಳು ಅಂತ ಕಲಿಸಿದ ಸಮಾಜ ಇದು. ಪುರುಷಸೂಕ್ತದಲ್ಲಿ ಶೂದ್ರನನ್ನು ಪಾದಕ್ಕೆ ಕಟ್ಟಿದರು, ನಮಗೆ ಆ ದೇಹದಲ್ಲೇ ಜಾಗ ಇಡಲಿಲ್ಲ. ದೇವರ ಪಾದ, ಗುರುಗಳ ಪಾದ ತೊಳೆದು ನೀರು ಕುಡಿಯೋರು, ಕಲ್ಲು ಹೊರೋನ ಪಾದ ನೋಡೋಕೆ ಮೂಗು ಮುಚ್ಚತಾರೆ. ಸ್ಟೆತಸ್ಕೋಪಿನಿಂದ ಎದೆ ನೋಡುವಾಗ ಅಡ್ಡ ಬರದ ಜಾತಿ, ಪಾದದ ಹತ್ತಿರ ಬಂದು ನಿಲ್ತದೆ.

ನಾಡಿಗೂ ಅಷ್ಟೇ. ಪಾದದ ಮೇಲ್ಭಾಗದಲ್ಲಿ ಒಂದು, ಒಳಗಿನ ಹರಡಿನ ಹಿಂದೆ ಒಂದು. ಎರಡು ಕಡೆ ಬೆರಳಿಟ್ಟು ನೋಡಿದರೆ ರಕ್ತ ಹರೀತದಾ ಇಲ್ವಾ ಅಂತ ಮೊದಲ ಅಂದಾಜು ಸಿಗ್ತದೆ. ಸಿಗದಿದ್ದರೆ ತಡ ಮಾಡದೆ ಮುಂದಿನ ಆಸ್ಪತ್ರೆಗೆ ಕಳಿಸಬೇಕು. ಈ ಎರಡು ಪರೀಕ್ಷೆ ನಡೆದಿದ್ದರೆ ಎಷ್ಟೋ ಕಾಲು ಉಳೀತಿದ್ದವು.

*‘ಅವರಿಗೆ ಯಂತ್ರ, ನಮಗೆ ಚಪ್ಪಲಿನಾ?’*

ಇದು ಮೊನ್ನೆ ಸಭೆಯಲ್ಲಿ ಒಬ್ಬ ಯುವ ಸಂಗಾತಿ ನನಗೆ ಕೇಳಿದ ಪ್ರಶ್ನೆ. ‘ಅಣ್ಣಾ, ದೊಡ್ಡ ಊರಿನ ಶ್ರೀಮಂತರಿಗೆ ಆಕ್ಸಿಜನ್ ಕೋಣೆ, ನಮಗ ಚಪ್ಪಲಿ ಹಾಕ್ಕೊಳ್ರಿ ಅಂತ ಬುದ್ಧಿಮಾತು. ಇದ್ಯಾವ ನ್ಯಾಯ?’ ಅಂದ. ಅವನ ಸಿಟ್ಟು ಸರಿ ಇದೆ. 2002ರಲ್ಲಿ ನಂಜುಂಡಪ್ಪ ಸಮಿತಿ ಸೇಡಂ, ಚಿತ್ತಾಪುರ, ಚಿಂಚೋಳಿಯನ್ನು ಅತ್ಯಂತ ಹಿಂದುಳಿದ ತಾಲೂಕು ಅಂತ ಬರೆದಿತ್ತು. ಆಮೇಲೆ 371ಜೆ ಬಂತು. ದುಡ್ಡು ಬಂದರೂ ಮೊದಲ ಬೇಡಿಕೆಯಾಗಿ ಕಡಿಮೆ ಖರ್ಚಿನದ್ದನ್ನೇ ಕೇಳಿ ಅಂತ ಬಡವರಿಗೆ ಮಾತ್ರ ಯಾಕೆ ಹೇಳಬೇಕು?

ನನ್ನ ಉತ್ತರ ಇದು. ಶ್ರೀಮಂತ ಮೊದಲು ಕೋಣೆಗೆ ಹೋಗೋದಿಲ್ಲ. ಒಳ್ಳೆ ಕಡೆ ಹೋದರೆ ಅವನ ಕಾಲು ಮೊದಲು ಮುಟ್ಟಿ ನೋಡ್ತಾರೆ. ನಾಡಿ, ಡಾಪ್ಲರ್ ನೋಡ್ತಾರೆ. ನಾಳ ಮುಚ್ಚಿದ್ದರೆ ಬಲೂನ್ ಹಾಕಿ ತೆರೀತಾರೆ ಇಲ್ಲಾ ಬೈಪಾಸ್ ಮಾಡ್ತಾರೆ. ಕೊಳೆತ ಭಾಗ ಕೆರೆದು ತೆಗೀತಾರೆ. ಸರಿಯಾದ ಔಷಧ ಕೊಡ್ತಾರೆ. ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡ್ತಾರೆ. ಇಷ್ಟಾದರೂ ಮಾಯದೆ ಇದ್ದಾಗ ಕೋಣೆಯ ಮಾತು. ಅವನಿಗೆ ಸಿಗೋದು ಮೆಟ್ಟಿಲು ಮೆಟ್ಟಿಲಾಗಿ ಪೂರ್ತಿ ಏಣಿ. ನಾವು ಏಣಿಯ ಕೊನೆ ಮೆಟ್ಟಿಲು ಒಂದನ್ನೇ ಕೇಳಿದರೆ ಅದರ ಮೇಲೆ ಹತ್ತೋದು ಹೇಗೆ? ಯಂತ್ರ ಒಂದು ತಂದು ಉದ್ಘಾಟನೆ ಮಾಡೋದು ಸರ್ಕಾರಕ್ಕೆ ಸುಲಭ. ರಿಬ್ಬನ್ ಕತ್ತರಿಸ್ತಾರೆ, ಫೋಟೋ ಬರ್ತದೆ, ಮಾರನೇ ವರ್ಷ ಟೆಕ್ನಿಷಿಯನ್ ಇಲ್ಲ ಅಂತ ಬೀಗ. ಅಂಥ ಎಷ್ಟು ಫೈಲ್ ನಾನು ನೋಡಿಲ್ಲ!

ಇನ್ನು ಕೂಲಿಯ ಲೆಕ್ಕ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 40 ದಿನದ ಕೂಲಿ ಹೋದರೆ 14,800. ಜೊತೆಗೆ ಹೋದವರದೂ ಸೇರಿದರೆ 29,600. ಚಿಕಿತ್ಸೆ ಪುಕ್ಕಟೆ ಮಾಡಿದರೂ ಇಷ್ಟು ಖರ್ಚು ನಮ್ಮ ಮೇಲೇ ಬೀಳ್ತದೆ. ಬಸ್ಸು, ಊಟ, ಖೋಲಿ ಬಾಡಿಗೆ ಬೇರೆ.

ಆ ಕೋಣೆಗೂ ಅದರದೇ ಅಪಾಯ ಇದೆ. ಕಿವಿಗೆ ಪೆಟ್ಟಾಗಬಹುದು, ಶುಗರ್ ದಿಢೀರ್ ಇಳಿಯಬಹುದು. ಶುದ್ಧ ಆಮ್ಲಜನಕ ಇರೋ ಕಡೆ ಒಂದು ಕಿಡಿ ಸಾಕು. 2025ರ ಜನವರಿ 31ರಂದು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್ ಊರಿನಲ್ಲಿ ಇಂಥ ಕೋಣೆಗೆ ಬೆಂಕಿ ಬಿದ್ದು ಐದು ವರ್ಷದ ಹುಡುಗ ಸತ್ತ. ತರಬೇತಿ ಇಲ್ಲದ ಕೈಗೆ ಕೊಡೋ ವಸ್ತು ಅಲ್ಲ ಇದು.

*ಚಪ್ಪಲಿ ಸಣ್ಣ ಮಾತಲ್ಲ*

ಮೇಲ್ಜಾತಿಯವರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ನೆನಪು ನಮ್ಮ ಅಪ್ಪಂದಿರಿಗೆ ಇದೆ. ಊರಿಗೆಲ್ಲಾ ಕೆರ ಹೊಲಿದು ಕೊಟ್ಟವರು ನಾವು, ಬರಿಗಾಲಲ್ಲಿ ನಡೆದವರೂ ನಾವು. ನಮ್ಮ ಪಕ್ಕದ ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರು ಅಂತ ಕಥೆ ಹೇಳ್ತಾರೆ. ಕಥೆ ಹೇಳೋರು ಹರಳಯ್ಯನ ಕಾಲಲ್ಲಿ ಏನಿತ್ತು ಅಂತ ಹೇಳೋದಿಲ್ಲ.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಅಂತ ಇದ್ದರು. 1940ರ ದಶಕದ ಕೊನೆಯಲ್ಲಿ ಅಲ್ಲಿ ಕುಷ್ಠರೋಗಿಗಳ ಕೈಕಾಲಿನ ಕೆಲಸ ಶುರು ಮಾಡಿದರು. ಕುಷ್ಠದಿಂದ ಕಾಲು ತಾನಾಗಿ ಉದುರಿ ಹೋಗೋದಿಲ್ಲ, ಸ್ಪರ್ಶ ಇಲ್ಲದ್ದರಿಂದ ಗಾಯ ಆಗಿ ಆಗಿ ಹೋಗ್ತದೆ ಅಂತ ತೋರಿಸಿದರು. ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ, ಭಾರ ಹಂಚಿ ಬೀಳುವಂಥ ಪ್ಲಾಸ್ಟರ್ ಪಟ್ಟಿ ಬಳಸಿ ಎಷ್ಟೋ ಕಾಲು ಉಳಿಸಿದರು. ಮುಂದೆ ಅವರು ಅಮೆರಿಕಕ್ಕೆ ಹೋದ ಮೇಲೆ ಅದೇ ಪಾಠ ಸಕ್ಕರೆ ಕಾಯಿಲೆಯ ಕಾಲುಗಳಿಗೂ ಬಂತು. ಅಂಗಾಲಿನ ಹುಣ್ಣಿಗೆ, ರಕ್ತ ಸಂಚಾರ ಚೆನ್ನಾಗಿದ್ದು ಸೋಂಕು ಜೋರಿಲ್ಲದಿದ್ದರೆ, ಮೊಣಕಾಲವರೆಗಿನ ಬಿಚ್ಚಲಾಗದ ಪ್ಲಾಸ್ಟರೇ ಇವತ್ತಿಗೂ ಮೊದಲ ಆಯ್ಕೆ. ಅಸ್ಪೃಶ್ಯರಂತೆ ದೂರ ಇಟ್ಟ ರೋಗಿಗಳ ಕಾಲು ಮುಟ್ಟಿದ್ದರಿಂದ ಹುಟ್ಟಿದ ವಿದ್ಯೆ ಅದು.

ನಮ್ಮಲ್ಲಿ ಆ ಚಪ್ಪಲಿ ಮಾಡೋರು ಇಲ್ವಾ? ಸರ್ಕಾರದ್ದೇ ಚರ್ಮ ಕೈಗಾರಿಕಾ ನಿಗಮ, ಲಿಡ್ಕರ್ ಇದೆ. ಸೂಜಿ ದಾರ ಹಿಡಿದು ಕೂತ ಸಮಗಾರ ಬಂಧುಗಳು ಪ್ರತಿ ಬಸ್ ಸ್ಟ್ಯಾಂಡ್ ಮುಂದೆ ಇದ್ದಾರೆ. ಅವರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯಲ್ಲೇ ಜಾಗ ಮತ್ತು ಸಂಬಳದ ಹುದ್ದೆ ಕೊಟ್ಟು, ಈ ಚಪ್ಪಲಿ ಮಾಡಿಸಲಿ. ಜಾತಿ ಕಸುಬು ಅಂತ ನಮ್ಮ ಮೇಲೆ ಹೇರೋ ಮಾತು ಅಲ್ಲ ಇದು. ಯಾವ ಜಾತಿಯವರು ಬಂದು ಕಲಿತರೂ ಸರಿ. ಆದರೆ ಕೈಯಲ್ಲಿ ವಿದ್ಯೆ ಇದ್ದವರನ್ನು ಫುಟ್‌ಪಾತಿನಲ್ಲಿ ಕೂರಿಸಿ, ಹೊರಗಿನಿಂದ ದುಬಾರಿ ಬೂಟು ತರಿಸೋದು ಬೇಡ.

*ಮನವಿ ಪತ್ರ ಹೀಗಿರಲಿ*

1. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್ ಇರೋ ಪ್ರತಿಯೊಬ್ಬರ ಕಾಲನ್ನೂ ವರ್ಷಕ್ಕೆ ಒಮ್ಮೆಯಾದರೂ ಚಪ್ಪಲಿ, ಪಟ್ಟಿ ಬಿಚ್ಚಿಸಿ, ಮುಟ್ಟಿ, ನಾಡಿ ನೋಡಿ ಪರೀಕ್ಷಿಸಬೇಕು. ಫಲಿತಾಂಶ ಕಾರ್ಡಿನಲ್ಲಿ ಬರೆಯಬೇಕು. ಬರೆಯದಿದ್ದರೆ ನೋಡಿಲ್ಲ ಅಂತಲೇ ಅರ್ಥ. ಇದು ಗುಮಾಸ್ತನ ಅನುಭವದ ಮಾತು.

2. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಗೆ ಬಂದು ಬಿ.ಪಿ., ಶುಗರ್ ನೋಡುವವರು ಅದೇ ಭೇಟಿಯಲ್ಲಿ ಕಾಲೂ ಮುಟ್ಟಿ ನೋಡಬೇಕು. ಆಶಾ ಅಕ್ಕಂದಿರಿಗೆ ಆ ಆರು ಬೆರಳಿನ ಪರೀಕ್ಷೆ ಕಲಿಸಬೇಕು, ಅದಕ್ಕೆ ಬೇರೆ ಗೌರವಧನ ಕೊಡಬೇಕು. ಪುಕ್ಕಟೆ ದುಡಿಸಿಕೊಳ್ಳಬಾರದು.

3. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ ಕಾಲಿನ ಕ್ಲಿನಿಕ್. ಹುಣ್ಣು ಕೆರೆದು ಶುಚಿ ಮಾಡೋ, ಪ್ಲಾಸ್ಟರ್ ಹಾಕೋ ತರಬೇತಿ ಪಡೆದ ಸಿಬ್ಬಂದಿ, ಒಂದು ಕೈ ಡಾಪ್ಲರ್. ಶಹಾಬಾದ್, ವಾಡಿಯ ಖಣಿ ಮತ್ತು ಕಾರ್ಖಾನೆ ಗುತ್ತಿಗೆ ಕಾರ್ಮಿಕರಿಗೆ ಕೆಲಸದ ಜಾಗದಲ್ಲೇ ತಪಾಸಣೆ.

4. ಕಲಬುರಗಿಯಲ್ಲಿ ರಕ್ತನಾಳ ಶಸ್ತ್ರಚಿಕಿತ್ಸಕರ ಹುದ್ದೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆ ಉದ್ಘಾಟನೆ ಆಯ್ತು, ಸಂತೋಷ. ಹೃದಯದ ನಾಳ ತೆರೆಯೋ ಥರದ ಕ್ಯಾತ್ ಲ್ಯಾಬಿನಲ್ಲಿ ಕಾಲಿನ ನಾಳವನ್ನೂ ತೆರೆಯಬಹುದು. ನಮ್ಮ ಭಾಗದವರ ಕಾಲಿಗೂ ಆ ಸೌಲಭ್ಯ ಸಿಗಲಿ.

5. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ, ಲಿಡ್ಕರ್ ಮೂಲಕ, ಸ್ಪರ್ಶ ಕಳಕೊಂಡ ಕಾಲುಗಳಿಗೆ ಅಳತೆ ತೆಗೆದು ಮಾಡಿದ ಚಪ್ಪಲಿ ಉಚಿತ. ಸವೆದ ಮೇಲೆ ಬದಲಿಸಿ ಕೊಡಬೇಕು.

6. ಹುಣ್ಣು ಮಾಯುವವರೆಗೆ ಕಾಲೂರದೆ ಮನೆಯಲ್ಲಿರೋ ಕೂಲಿ ಕಾರ್ಮಿಕರಿಗೆ ಕೂಲಿ ಪರಿಹಾರ. ‘ರೆಸ್ಟ್ ತಗೋಳಿ’ ಅಂತ ಚೀಟಿಯಲ್ಲಿ ಬರೆದರೆ ಒಲೆ ಹೊತ್ತೋದಿಲ್ಲ.

7. ಇವೆಲ್ಲ ಆದ ಮೇಲೆ, ಇವುಗಳ ಜೊತೆಗೆ, ಜಿಲ್ಲಾ ಮಟ್ಟದಲ್ಲಿ ಹೈಪರ್‌ಬಾರಿಕ್ ಆಕ್ಸಿಜನ್ ಘಟಕ. ತರಬೇತಿ ಪಡೆದ ಕಾಯಂ ಸಿಬ್ಬಂದಿ, ಬೆಂಕಿ ಸುರಕ್ಷತೆ, ರೋಗಿಗೂ ಜೊತೆಗೆ ಬಂದವರಿಗೂ ಉಚಿತ ವಸತಿ ಇರಬೇಕು. ಯಾರಿಗೆ ಅದು ಬೇಕು ಅಂತ ಮೊದಲು ರಕ್ತನಾಳ ನೋಡಿದ ಡಾಕ್ಟರೇ ನಿರ್ಧರಿಸಬೇಕು, ಕರಪತ್ರ ಅಲ್ಲ.

*ಸರ್ಕಾರ ಕೇಳೋವರೆಗೆ*

ನಮ್ಮ ಮನೆಯಲ್ಲಿ ನಾವೇ ಮಾಡೋದು ಇಷ್ಟು. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಬೇಕು. ತಾವೇ ನೋಡೋಕಾಗದಿದ್ದರೆ ಕನ್ನಡಿ ಇಡಿ, ಇಲ್ಲಾ ಮಗಳು ಸೊಸೆ ಅಷ್ಟೇ ಅಲ್ಲ, ಮಗನೂ ನೋಡಲಿ. ಚಪ್ಪಲಿ ಹಾಕೋ ಮೊದಲು ಒಳಗೆ ಕೈ ಹಾಕಿ ಹರಳು, ಮೊಳೆ ಇದೆಯಾ ನೋಡಿ. ಬಿಸಿನೀರನ್ನು ಕಾಲಿನಿಂದ ನೋಡಬೇಡಿ, ಮೊಳಕೈಯಿಂದ ನೋಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಹುಣ್ಣಿಗೆ ತಂಬಾಕು, ಬೂದಿ, ಸುಣ್ಣ ಹಚ್ಚಬೇಡಿ. ಬೀಡಿ ಸಿಗರೇಟು ರಕ್ತನಾಳವನ್ನು ಇನ್ನೂ ಮುಚ್ಚತದೆ. ಬ್ಯಾಸಿಗ್ಯಾಗ ವಿಹಾರ ಇರಲಿ, ಗುಡಿ ಇರಲಿ, ದರ್ಗಾ ಇರಲಿ, ಕಾದ ಫರಸಿ ಮೇಲೆ ಬರಿಗಾಲಲ್ಲಿ ನಡೀಬೇಡಿ. ಕಾಲಿನ ಬಣ್ಣ ಬದಲಾದರೆ, ಬಾವು ಬಂದರೆ, ವಾಸನೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನೋವಿಲ್ಲ ಅಂತ ಕಾಯಬೇಡಿ.

ಡಾಕ್ಟರ ಮುಂದೆ ಕೂತಾಗ ನೀವೇ ಚಪ್ಪಲಿ ಬಿಚ್ಚಿ ಕಾಲು ಮುಂದೆ ಚಾಚಿ. ‘ಸರ್, ಕಾಲು ನೋಡ್ರಿ, ನಾಡಿ ನೋಡ್ರಿ’ ಅಂತ ಬಾಯಿಬಿಟ್ಟು ಕೇಳಿ. ಅದು ಅಗೌರವ ಅಲ್ಲ, ನಿಮ್ಮ ಹಕ್ಕು. ಯಾರಾದರೂ ಆಕ್ಸಿಜನ್ ಕೋಣೆಗೆ ಹೋಗಿ ಅಂದರೆ ‘ನನ್ನ ಕಾಲಿನ ರಕ್ತನಾಳ ಪರೀಕ್ಷೆ ಆಗಿದೆಯಾ, ಫಲಿತಾಂಶ ತೋರಿಸಿ’ ಅಂತ ಕೇಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಚಿಕಿತ್ಸೆ ಅದರಲ್ಲಿ ಬರ್ತದೆ, ಯಾವುದು ಬರೋದಿಲ್ಲ ಅಂತ ಎಮ್ಮೆ ಮಾರುವ ಮುಂಚೆ ಆರೋಗ್ಯ ಮಿತ್ರರನ್ನು ವಿಚಾರಿಸಿ.

ಕರಡನ್ನು ನಾಳೆಯಿಂದ ಗ್ರೂಪಿನಲ್ಲಿ ಹಾಕ್ತೇನೆ. ಕ್ರಮಸಂಖ್ಯೆ ಬಗ್ಗೆ ಒಪ್ಪಿಗೆ ಇಲ್ಲದವರು ಕಾಮೆಂಟಿನಲ್ಲಿ ಬರೀರಿ, ಭಾನುವಾರದ ಸಭೆಗೆ ಬನ್ನಿ. ಬರೋ ಮುಂಚೆ ಮನೆಯಲ್ಲಿ ಶುಗರ್ ಇರೋ ಅವ್ವ, ಅಪ್ಪ, ಕಾಕಾ, ಅತ್ತಿ ಯಾರೇ ಇದ್ದರೂ ಕಣ್ಣು ಮುಚ್ಚಿಸಿ ಆ ಆರು ಬೆರಳು ಮುಟ್ಟಿ ನೋಡಿ. ಗೊತ್ತಾಗಲಿಲ್ಲ ಅಂದವರು ನಿಮ್ಮ ಓಣಿಯಲ್ಲಿ ಎಷ್ಟು ಮಂದಿ ಅಂತ ಚೀಟಿಯಲ್ಲಿ ಬರಕೊಂಡು ಬನ್ನಿ. ಹೆಸರು ಬೇಡ, ಸಂಖ್ಯೆ ಸಾಕು. ಆ ಸಂಖ್ಯೆಗಳನ್ನೇ ಮನವಿ ಪತ್ರಕ್ಕೆ ಲಗತ್ತಿಸೋಣ.

ಜೈಭೀಮ್. ಜೈ ಸಂವಿಧಾನ.